ಕೌದಿಯ ಹೊಟ್ಟೆ

ನನ್ನ ಕೈಯಿಂದ ಹುಟ್ಟಿದ ಮೊತ್ತಮೊದಲನೆಯ ಕೌದಿಯು, ಹೊಲಿದು ಮುಗಿದ ದಿನ ಎಷ್ಟು ಸಮತಟ್ಟಾಗಿಯೂ ನಯವಾಗಿಯೂ ಇದ್ದಿತೋ, ಮೊದಲ ಒಗೆತ ಕಂಡು ಬಿಸಿಲಿಗೆ ಬಿದ್ದ ದಿನ ಅಷ್ಟೇ ವಿಕಾರವಾಗಿ, ಎಣ್ಣೆಗೆ ಬಿದ್ದ ಹಪ್ಪಳದಂತೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಸುಕ್ಕುಗಟ್ಟಿ, ಒಂದು ಮೂಲೆ ಮೇಲಕ್ಕೂ ಇನ್ನೊಂದು ಮೂಲೆ ಕೆಳಕ್ಕೂ ತಿರುಚಿಕೊಂಡು ನಿಂತುಬಿಟ್ಟಿತು. ಎರಡು ತಿಂಗಳ ಮಧ್ಯಾಹ್ನಗಳನ್ನು ಅದಕ್ಕಾಗಿ ವ್ಯಯಮಾಡಿದ್ದ ನನಗೆ ಅಳುವೇ ಬಂದಿತೆಂದರೆ ಅತಿಶಯೋಕ್ತಿಯಲ್ಲ. ಅಂದು ಮನೆಗೆ ಬಂದಿದ್ದ ನಮ್ಮ ಸೋದರತ್ತೆ, ತನ್ನ ಜೀವಮಾನದಲ್ಲಿ ಎಷ್ಟು ಕೌದಿ ಹೊಲಿದೆನೆಂಬ ಲೆಕ್ಕವನ್ನೇ ಇಟ್ಟುಕೊಳ್ಳದ ಧಾರವಾಡ ಸೀಮೆಯ ಹೆಣ್ಣುಮಗಳು, ಅಂಗಳದಲ್ಲಿ ಅದನ್ನು ಎರಡು ಸುತ್ತು ಸುತ್ತಿ ನೋಡಿ, ಒಂದು ತುದಿಯನ್ನು ಬೆರಳುಗಳ ನಡುವೆ ಉಜ್ಜಿ, ಯಾವ ಉದ್ವೇಗವೂ ಇಲ್ಲದೆ ನುಡಿದಳು: “ಹೊಲಿಗಿ ಚಲೋ ಹಾಕೀಯವ್ವಾ. ಆದ್ರ ಅರಿವಿ ಅರಿವಿಗೆ ಜಗಳ ಹಚ್ಚಿಟ್ಟಿ ನೋಡು.”

ಆ ಒಂದು ಮಾತಿನ ಅರ್ಥವನ್ನು ಗ್ರಹಿಸಲು ನನಗೆ ಇನ್ನೂ ನಾಲ್ಕು ಕೌದಿಗಳು ಬೇಕಾದುವು. ಕೌದಿಯೆಂದರೆ ಹೊಲಿಗೆಯ ವಿದ್ಯೆಯೆಂದು ನಾನು ತಿಳಿದಿದ್ದೆ. ವಸ್ತುತಃ ಅದು ಅರಿವೆಯ ವಿದ್ಯೆ. ಸೂಜಿ ಹಿಡಿಯಬಲ್ಲ ಯಾರಾದರೂ ಒಂದು ವಾರದ ಅಭ್ಯಾಸದಿಂದ ನೇರವಾದ ಹೊಲಿಗೆಯನ್ನು ಹಾಕಿಯಾರು. ಆದರೆ ಯಾವ ಬಟ್ಟೆಯ ಮಗ್ಗುಲಲ್ಲಿ ಯಾವ ಬಟ್ಟೆ ಸುಖವಾಗಿ ಮಲಗೀತು, ಯಾವುದು ಒಳಗಿರತಕ್ಕದ್ದು, ಯಾವುದು ಹೊರಗೆ ಬರತಕ್ಕದ್ದು ಎಂಬ ವಿವೇಕವು ಕೈಗೆ ಬರಲು ಕಾಲ ಬೇಕು.

ಉತ್ತರ ಕರ್ನಾಟಕದ ಓದುಗರಿಗೆ ಕೌದಿಯ ಪರಿಚಯವನ್ನು ಹೇಳಹೋಗುವುದು ಅಧಿಕಪ್ರಸಂಗವೇ ಸರಿ. ಬಾಣಂತಿಯ ಕೋಣೆಯಿಂದ ಹಿಡಿದು ಹೊಲದ ಮಂಚಿಕೆಯವರೆಗೆ ಅದು ಕಾಣದ ಎಡೆಯಿಲ್ಲ. ದಕ್ಷಿಣದವರಿಗಾಗಿ ಇಷ್ಟು ಹೇಳಿದರೆ ಸಾಕು: ಉಟ್ಟು ಹಳತಾದ ಸೀರೆ, ಧೋತರ, ಕುಪ್ಪಸ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಏಕತ್ರ ಹಿಡಿಯುವಂತೆ ಉದ್ದಕ್ಕೂ ಸಾಲುಹೊಲಿಗೆ ಹಾಕಿದ ಹಾಸುವ ಅಥವಾ ಹೊದೆಯುವ ವಸ್ತ್ರವೇ ಕೌದಿ. ಹತ್ತಿಯನ್ನು ಹಿಂಜಿ ತುಂಬಿದ ರಜಾಯಿ ಬೇರೆ, ಇದು ಬೇರೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ ಮತ್ತು ಕಚ್ಛದ ರಲ್ಲಿ, ಇವೆಲ್ಲ ಕೌದಿಯ ದಾಯಾದಿಗಳು. ಸಂಸ್ಕೃತದ ‘ಕಂಥಾ’ ಎಂಬುದು ಭಿಕ್ಷುಕರೂ ಸಂನ್ಯಾಸಿಗಳೂ ಹೊದೆಯುವ ಚಿಂದಿಯ ಹೊದಿಕೆಗೆ ಇದ್ದ ಹೆಸರು. ಕನ್ನಡದ ಹಳಬರ ಬಾಯಲ್ಲಿ ಅದೇ ‘ಕಂಥೆ’ಯಾಗಿ ಉಳಿದಿತ್ತು. ವೈರಾಗ್ಯದ ಗುರುತಾಗಿದ್ದ ವಸ್ತುವನ್ನು ತೊಟ್ಟಿಲಿಗೆ ತಂದು ಹಾಸಿದ ಕೀರ್ತಿ ಮಾತ್ರ ನಮ್ಮ ಹೆಂಗಸರದು.

ಈಗ ಅರಿವೆಯ ಮಾತು. ಕೌದಿಗೆ ಹಳೆಯ ಬಟ್ಟೆಯೇ ಏಕೆ ಬೇಕು, ಅಂಗಡಿಯಿಂದ ಹೊಸ ಹತ್ತಿಬಟ್ಟೆಯನ್ನು ತಂದು ಹೊಲಿದರೆ ಏನು ಕುಂದು ಎಂದು ಕೇಳುವವರುಂಟು. ಹೊಸ ಹತ್ತಿಯ ಬಟ್ಟೆ ಮೊದಲ ನೀರಿಗೇ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಿದರೆ ಆಶ್ಚರ್ಯವಿಲ್ಲ. ಐದು ಮೊಳ, ಎಂದರೆ 90 ಅಂಗುಲ, ಉದ್ದದ ಕೌದಿಯಲ್ಲಿ ಇದು ಮೂರರಿಂದ ನಾಲ್ಕೂವರೆ ಅಂಗುಲದ ಮಾತು. ಹತ್ತು ವರ್ಷ ಒಗೆಸಿಕೊಂಡು ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುವ ಧೋತರವೊಂದು ಕೆಳಗಿದ್ದು, ನಿನ್ನೆ ಥಾನಿನಿಂದ ಕತ್ತರಿಸಿದ ಬಟ್ಟೆ ಮೇಲಿದ್ದರೆ, ಒಂದು ಎಳೆಯುತ್ತದೆ, ಇನ್ನೊಂದು ಜಗ್ಗುವುದಿಲ್ಲ. ನಡುವಿನ ಹೊಲಿಗೆ ಇಬ್ಬರು ಸವತಿಯರ ಗಂಡನಂತೆ ಒದ್ದಾಡುತ್ತದೆ. ನನ್ನ ಹಪ್ಪಳದ ಗುಟ್ಟು ಇದೇ. ಮೇಲಿನ ಹಾಸನ್ನೆಲ್ಲ ನಾನು ಹೊಸ ಬಟ್ಟೆಯಲ್ಲಿ ಮಾಡಿದ್ದೆ, ಚೆಂದವಾಗಲೆಂದು. ಹೊಸತನ್ನು ಬಳಸಲೇಬೇಕಾದಲ್ಲಿ ಅದನ್ನು ಮೊದಲೇ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಒಗೆದು ಒಣಗಿಸುವ ಕ್ರಮವನ್ನು ಎರಡು ಮೂರು ಸಲ ಮಾಡಿ, ಅನಂತರವೇ ಕತ್ತರಿಗೆ ಕೊಡತಕ್ಕದ್ದು.

ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಯೋಗ್ಯವೆಂದು ತಿಳಿಯಬಾರದು. ನಮ್ಮತ್ತೆ ಪ್ರತಿಯೊಂದು ಬಟ್ಟೆಯನ್ನೂ ಎರಡು ಪರೀಕ್ಷೆಗಳಿಗೆ ಗುರಿಮಾಡುತ್ತಿದ್ದಳು. ಮೊದಲನೆಯದು ಬೆಳಕಿನ ಪರೀಕ್ಷೆ: ಬಾಗಿಲಿಗೆ ಎದುರಾಗಿ ಹಿಡಿದು ನೋಡಿದರೆ ಎಲ್ಲಿ ಎಳೆ ತೆಳುವಾಗಿದೆಯೆಂಬುದು, ಬಿದಿರ ಚಾಪೆಯ ಮರೆಯಲ್ಲಿ ದೀಪವಿಟ್ಟಂತೆ, ತಾನಾಗಿ ಗೋಚರವಾಗುತ್ತದೆ. ಎರಡನೆಯದು ಕಿವಿಯ ಪರೀಕ್ಷೆ: ಅಂಚಿನಲ್ಲಿ ಒಂದು ಸಣ್ಣ ಕಚ್ಚು ಕೊಟ್ಟು ಹರಿದಾಗ ‘ಚರ್ರ್’ ಎಂಬ ಗಟ್ಟಿ ಸಪ್ಪಳ ಬಂದರೆ ಆ ಅರಿವೆಯಲ್ಲಿ ಇನ್ನೂ ಜೀವವಿದೆ; ಸಪ್ಪಳವೇ ಇಲ್ಲದೆ ಹಸಿ ಕಾಗದದಂತೆ ಬಿಟ್ಟುಕೊಂಡರೆ ಅದು ನೆಲ ಒರೆಸಲು ಲಾಯಕ್ಕು. ಈ ಎರಡರ ನಡುವಣ ಸ್ಥಿತಿಯಲ್ಲಿರುವುದನ್ನು, ಮುದಿಯಾದರೂ ಮೃದುವಾಗಿರುವುದನ್ನು, ಕೌದಿಯ ಹೊಟ್ಟೆಗೆ ಹಾಕಬೇಕು. ಹೊಟ್ಟೆಯೆಂದರೆ ಕಣ್ಣಿಗೆ ಬೀಳದ ಒಳಪದರಗಳು. ಕೌದಿಯ ಮೆತ್ತನೆಯೂ ಬೆಚ್ಚನೆಯೂ ಅಲ್ಲಿರುವುದೇ ಹೊರತು ಮೇಲಿನ ಚಿತ್ತಾರದಲ್ಲಿ ಅಲ್ಲ. ಆದರೂ ಹೊಸದಾಗಿ ಕಲಿಯುವವರು ಮೇಲಿನದಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡು, ಹೊಟ್ಟೆಗೆ ಕೈಗೆ ಸಿಕ್ಕ ಹಳೆಯ ಟೆರಿಕಾಟನ್ ಪ್ಯಾಂಟನ್ನು ತುರುಕುತ್ತಾರೆ. ಅದರಲ್ಲಿ ಬೆರೆತ ಪಾಲಿಯೆಸ್ಟರು ನೀರು ಹೀರುವುದಿಲ್ಲ, ಬೆವರು ಹೀರುವುದಿಲ್ಲ, ಹತ್ತಿಯ ಪದರಗಳ ನಡುವೆ ನಿಂತು ಜಾರುತ್ತಲೇ ಇರುತ್ತದೆ. ಹತ್ತಿಯೊಡನೆ ಹತ್ತಿ, ಸಿಂಥೆಟಿಕ್ಕಿನೊಡನೆ ಅದರದೇ ಜಾತಿ: ಉಳಿದೆಡೆ ಜಾತಿಭೇದವನ್ನು ಒಪ್ಪದ ನಾನು ಇಲ್ಲಿ ಮಾತ್ರ ಕಟ್ಟಾ ಸಂಪ್ರದಾಯಸ್ಥಳು.

ಇಳಕಲ್ ಸೀರೆಯ ವಿಷಯದಲ್ಲಿ ಒಂದು ವಿಶೇಷ ಎಚ್ಚರ ಅವಶ್ಯ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುವುದೇ ಇಳಕಲ್ಲಿನ ನೇಕಾರರ ಕೌಶಲ. ಹತ್ತಿಯ ಒಡಲೂ ರೇಷ್ಮೆಯ ಸೆರಗೂ ಒಂದೇ ಪ್ರಕಾರವಾಗಿ ಹಳತಾಗವು. ಆದಕಾರಣ ಕೊಂಡಿಯ ಗೆರೆಯಲ್ಲಿ ಸೆರಗನ್ನು ಬೇರ್ಪಡಿಸಿ, ಒಡಲನ್ನು ಕೆಳಹಾಸಿಗೆ ಇಡಿಯಾಗಿ ಬಳಸಿ, ಸೆರಗನ್ನೂ ದಡಿಯನ್ನೂ ಮೇಲಿನ ಅಲಂಕಾರಕ್ಕೆ ಎತ್ತಿಡುವುದು ವಾಡಿಕೆ. ಗುಳೇದಗುಡ್ಡದ ಖಣದ ಹಳೆಯ ಕುಪ್ಪಸಗಳಿದ್ದರೆ ಅವನ್ನು ನಡುವೆ ಚೌಕಗಳಾಗಿ ಕೂಡಿಸಿದಾಗ ಬರುವ ಶೋಭೆಯನ್ನು ಬಣ್ಣಿಸಲಾರೆ. ಆದರೆ ಕುಪ್ಪಸದ ಕಂಕುಳ ಭಾಗ ಬೆವರಿನಿಂದ ಜೀರ್ಣವಾಗಿರುತ್ತದಾದುದರಿಂದ ಅದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಚೆಲ್ಲಬೇಕು. ಗುಂಡಿ, ಹುಕ್ಕು, ದಪ್ಪ ಮಡಿಕೆಹೊಲಿಗೆ, ಬಿಗಿಯಾದ ಅಂಚು, ಇವೂ ಹಾಗೆಯೇ. ಒಂದು ಹುಕ್ಕು ಒಳಗುಳಿದರೆ ಅದು ಹತ್ತು ವರ್ಷ ಬೆನ್ನಿಗೆ ತನ್ನ ಇರವನ್ನು ಜ್ಞಾಪಿಸುತ್ತಲೇ ಇರುತ್ತದೆ.

ಬಣ್ಣ ಬಿಡುವುದು ಇನ್ನೊಂದು ಪೀಡೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಮನೆಮನೆಯಲ್ಲಿದೆ. ಈಗಾಗಲೇ ಅದ್ದಿ ಮುಗಿದ ಬಟ್ಟೆಯಲ್ಲಿ ಸಡಿಲವಾಗಿ ಕುಳಿತ ಬಣ್ಣವನ್ನು ಉಪ್ಪು ಕಟ್ಟಿಹಾಕಲಾರದು. ಸಂಶಯವಿದ್ದ ಬಟ್ಟೆಯ ತುಂಡನ್ನು ಒದ್ದೆಮಾಡಿ, ಒಂದು ಬಿಳಿಯ ಅರಿವೆಯ ಮಡಿಕೆಯಲ್ಲಿಟ್ಟು, ಮೇಲೆ ಒಳ್ಳು ಕಲ್ಲಿನ ಭಾರ ಹೇರಿ ಒಂದು ತಾಸು ಬಿಟ್ಟು ನೋಡಿರಿ. ಬಿಳಿಯದು ಬಿಳಿಯದಾಗಿಯೇ ಉಳಿದರೆ ಕೆಂಪು ಸೀರೆಗೆ ಪ್ರವೇಶ. ಇಲ್ಲವಾದರೆ ನಾಲ್ಕು ಒಗೆತ ಇನ್ನೂ ಬಾಕಿ ಎಂದು ತಿಳಿಯಿರಿ.

ತುಂಡುಗಳನ್ನು ಕತ್ತರಿಯಿಂದ ಕತ್ತರಿಸುವುದಕ್ಕಿಂತ ಹರಿಯುವುದು ಮೇಲು. ಕತ್ತರಿಯ ಗೆರೆ ಕೈಯ ಮರ್ಜಿಗೆ ಒಳಗಾದದ್ದು. ಹರಿದ ಗೆರೆ ಎಳೆಯ ಜಾಡನ್ನೇ ಹಿಡಿದು ಹೋಗುತ್ತದೆ. ಎಳೆಗೆ ಓರೆಯಾಗಿ ಕತ್ತರಿಸಿದ ತುಂಡು ರಬ್ಬರಿನಂತೆ ಹಿಗ್ಗುವ ಸ್ವಭಾವದ್ದು, ಅದನ್ನು ಎಷ್ಟು ಒತ್ತಿ ಹೊಲಿದರೂ ಒಂದು ಮಗ್ಗುಲಿಗೆ ಬಾಗುತ್ತದೆ.

ಇನ್ನು ಹಾಸುವ ಪ್ರಕರಣಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ಕೌದಿಯ ಹಣೆಬರಹ ನಿರ್ಧಾರವಾಗುವುದು ಈ ಒಂದು ಮಧ್ಯಾಹ್ನದಲ್ಲಿಯೇ. ಮಂಚದ ಮೇಲೆ ಹಾಸಿ ಹೊಲಿಯಲು ಹೊರಟವರಾರೂ ಉದ್ಧಾರವಾದುದನ್ನು ನಾನು ಕಾಣೆ, ನೆಲವೇ ಬೇಕು. ಕೆಳಗೆ ಇಡೀ ಸೀರೆಯ ಹಾಸು, ನಾಲ್ಕು ಮೂಲೆಗೂ ನಡುನಡುವೆಯೂ ಕಲ್ಲು. ಅಂಗೈಯನ್ನು ನಡುವಿನಿಂದ ಅಂಚಿನ ಕಡೆಗೆ, ರೊಟ್ಟಿ ತಟ್ಟುವವಳು ಹಿಟ್ಟನ್ನು ಹರಡುವಂತೆ, ಸವರಿ ಸುಕ್ಕನ್ನು ಹೊರಗೆ ಅಟ್ಟಬೇಕು. ಕೆಳಗಿನ ಪದರವನ್ನು ಬಿಗಿಯಾಗಿ ಎಳೆದು ಹಿಡಿಯುವ ಆಸೆ ಎಲ್ಲರಿಗೂ ಆಗುತ್ತದೆ. ಅದು ತಪ್ಪು. ಎಳೆದದ್ದು ಕಲ್ಲು ತೆಗೆದೊಡನೆ ಮರಳಿ ಹಿಂದಕ್ಕೆ ಹೋಗುತ್ತದೆ, ಮೇಲಿನದು ಅಲ್ಲಿಯೇ ಉಳಿದು ಸುಕ್ಕಾಗುತ್ತದೆ. ಸುಕ್ಕಿಲ್ಲದಿರಬೇಕು, ಬಿಗಿಯೂ ಇರಬಾರದು. ಅದರ ಮೇಲೆ ಹೊಟ್ಟೆಯ ಪದರಗಳು. ಹೊದೆಯುವ ಕೌದಿಗೆ ಎಲ್ಲ ಸೇರಿ ನಾಲ್ಕೈದು, ಹಾಸುವುದಕ್ಕೆ ಏಳೆಂಟು. ಒಳಪದರದ ತುಂಡುಗಳನ್ನು ಒಂದರ ಮೇಲೊಂದು ಏರಿಸದೆ ಅಂಚಿಗೆ ಅಂಚು ತಾಗಿಸಿ ಇಡಬೇಕು, ಮತ್ತು ಒಂದು ಪದರದ ಸಂದು ಇನ್ನೊಂದು ಪದರದ ಸಂದಿಗೆ ನೇರವಾಗದಂತೆ, ಗೌಂಡಿ ಇಟ್ಟಿಗೆಯನ್ನು ಇಡುವ ಕ್ರಮದಲ್ಲಿ, ಸರಿಸಬೇಕು. ಬಳಿಕ ಬೇರೆ ಬಣ್ಣದ ಅಗ್ಗದ ದಾರದಿಂದ ನಡುವಿನಿಂದ ಎಂಟು ದಿಕ್ಕಿಗೂ ಗೇಣುದ್ದದ ಕಚ್ಚಾ ಹೊಲಿಗೆ ಹಾಕಿದರೆ, ಆ ಕೌದಿಯನ್ನು ಸುತ್ತಿ ಎತ್ತಿಟ್ಟು, ಬಿಡುವಾದಾಗ ಬಿಚ್ಚಿ, ತಿಂಗಳಾನುಗಟ್ಟಲೆ ಹೊಲಿಯುತ್ತಿದ್ದರೂ ಪದರ ಕದಲವು.

ಆದರೆ ಈ ಕಚ್ಚಾ ಹೊಲಿಗೆಯ ಗೊಡವೆಯೇ ಇಲ್ಲದೆ, ನಾನು ಈಗ ಹೇಳಿದ ದಿಕ್ಕಿಗೆ ಸಂಪೂರ್ಣ ವಿರುದ್ಧವಾಗಿ, ಅಂಚಿನಿಂದ ನಡುವಿಗೆ ಹೊಲಿಯುವ ಒಂದು ಪರಂಪರೆಯು ನಮ್ಮ ನಾಡಿನಲ್ಲಿಯೇ ಇದೆ, ಸಿದ್ದಿಯರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಕಾಡುಗಳಲ್ಲಿ ನೆಲೆಸಿರುವ ಸಿದ್ದಿ ಜನರ ಪೂರ್ವಜರು ಆಫ್ರಿಕದಿಂದ, ಬಹುಪಾಲು ಪೋರ್ಚುಗೀಸರ ಗೋವೆಯ ಮೂಲಕ, ಗುಲಾಮರಾಗಿ ತರಲ್ಪಟ್ಟವರು. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳವರು ಇವರಲ್ಲಿದ್ದಾರೆ, ಮೂರೂ ಮನೆಗಳಲ್ಲಿ ಕವಂದಿಯಿದೆ, ಅವರ ಕೌದಿಗೆ ಅದೇ ಹೆಸರು. ಎಂದಾದರೂ ಒಂದರಲ್ಲಿ ಶಿಲುಬೆಯೋ ಅರ್ಧಚಂದ್ರವೋ ಕಂಡರೂ ಕಾಣಬಹುದು. ಸಿದ್ದಿ ಹೆಂಗಸು ಕೆಳಹಾಸಿನ ಸೀರೆಯನ್ನು ಹರಡಿ, ಒಂದು ಮೂಲೆಯಲ್ಲಿ ಕುಳಿತು, ಅಂಚನ್ನು ಒಳಕ್ಕೆ ಮಡಿಸಿ, ಮೊದಲ ತುಂಡನ್ನಿಟ್ಟು ಹೊಲಿಯತೊಡಗುತ್ತಾಳೆ. ಒಂದು ತುಂಡಿನ ಮಗ್ಗುಲಿಗೆ ಇನ್ನೊಂದು, ಅದರ ಅಂಚಿನ ಮೇಲೆ ಮತ್ತೊಂದು, ಹೀಗೆ ನಾಲ್ಕು ಬದಿಗೂ ಸುತ್ತು ಬಂದು, ಮತ್ತೆ ಅದರೊಳಗಣ ಸುತ್ತು ಹಿಡಿದು, ದೇವಸ್ಥಾನದ ಪ್ರದಕ್ಷಿಣೆ ಮಾಡುತ್ತ ಗರ್ಭಗುಡಿಯನ್ನು ಸೇರುವವರಂತೆ ನಡುವಿಗೆ ಬಂದು ಮುಟ್ಟುತ್ತಾಳೆ. ತುಂಡುಗಳನ್ನು ಮೊದಲೇ ಅಳೆದು ಕೂಡಿಸುವುದಿಲ್ಲ, ನಕ್ಷೆಯನ್ನು ಬರೆದಿಟ್ಟುಕೊಳ್ಳುವುದಿಲ್ಲ. ಕೈ ಮುಂದುವರಿದಂತೆ ಕಣ್ಣು ಮುಂದಿನ ಬಣ್ಣವನ್ನು ಆರಿಸುತ್ತದೆ. ಈ ಕ್ರಮದಲ್ಲಿ ಹೆಚ್ಚಿನ ಬಟ್ಟೆಯೆಲ್ಲ ನಡುವಿಗೆ ಬಂದು ಉಬ್ಬುವ ಅಪಾಯವುಂಟು. ಪ್ರತಿ ಸುತ್ತು ಮುಗಿದೊಡನೆ ಕೌದಿಯನ್ನು ಚಪ್ಪಟೆಯಾಗಿ ಹಾಸಿ ಕೆಳಪದರವನ್ನು ಒಳಮುಖವಾಗಿ ಸವರುವುದೇ ಅದಕ್ಕೆ ಪರಿಹಾರ. ಕಡೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಿಸಿ ಹೊಲಿದ ಪುಟ್ಟ ‘ಫೂಲ’ಗಳು ಬಾರದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಬತ್ತಲೆ. ಈ ಕವಂದಿಗಳು ಈಗ ಹೊರನಾಡಿನ ಸಂಗ್ರಹಾಲಯಗಳ ಗೋಡೆಯನ್ನೂ ಏರಿವೆ. ಸಂತೋಷವೇ, ಆದರೆ ಗೋಡೆಗೆ ತೂಗಿದ ಕೌದಿಯನ್ನು ನೋಡಿದಾಗಲೆಲ್ಲ, ಯಾರ ಕಾಲು ಬರಿದಾಗಿ ಚಳಿಯಲ್ಲಿದೆಯೋ ಎಂಬ ಅಸಂಬದ್ಧ ಯೋಚನೆಯೊಂದು ನನ್ನನ್ನು ಕಾಡದಿರದು.

ಸೂಜಿದಾರದ ವಿಚಾರದಲ್ಲಿ ಕಲಿಯುವವರು ಮಾಡುವ ಪ್ರಥಮ ಪ್ರಮಾದವೆಂದರೆ ದಬ್ಬಣವನ್ನು ಹಿಡಿಯುವುದು. ದಬ್ಬಣ ಗೋಣೀಚೀಲಕ್ಕೆ, ಹಳೆಯ ಧೋತರದಲ್ಲಿ ಅದು ಮಾಡಿದ ತೂತು ಮತ್ತೆ ಮುಚ್ಚದು. ಉದ್ದವೂ ತೆಳುವೂ ಆದ, ಕಣ್ಣು ಮಾತ್ರ ಅಗಲವಾದ ಸೂಜಿ ಬೇಕು. ಅದನ್ನು ತಳ್ಳುವ ನಡುಬೆರಳಿಗೆ ಅಂಗುಸ್ತಾನ. ಕೆಳಗಿನಿಂದ ಸೂಜಿಯ ಮೊನೆಯನ್ನು ಎದುರುಗೊಳ್ಳುವ ಎಡಗೈಯ ಬೆರಳಿಗೆ ಏನೂ ಇಲ್ಲ, ಏಕೆಂದರೆ ಎಲ್ಲ ಪದರಗಳನ್ನೂ ಹೊಲಿಗೆ ಹಾಯ್ದಿತೇ ಎಂಬುದಕ್ಕೆ ಆ ಬೆರಳ ತುದಿಯ ಚುಚ್ಚೊಂದೇ ಸಾಕ್ಷಿ. ದಾರ ಹತ್ತಿಯದೇ ಆಗಿರಬೇಕು. ಅಂಗಡಿಯವರು ಗಟ್ಟಿಯೆಂದು ಹೊಗಳಿ ಕೊಡುವ ಪಾಲಿಯೆಸ್ಟರು ದಾರ ನಿಜವಾಗಿಯೂ ಗಟ್ಟಿ. ಅದೇ ಅದರ ದೋಷ. ಎಳೆತ ಬಿದ್ದಾಗ ದಾರ ಹರಿದರೆ ಮರಳಿ ಹೊಲಿದುಕೊಳ್ಳಬಹುದು, ದಾರ ಹರಿಯದೆ ಬಟ್ಟೆಯನ್ನೇ ಕೊಯ್ದರೆ ಗತಿಯೇನು? ಕ್ರೋಶಾ ಹೆಣೆಯುವ 20ನೆಯ ನಂಬರಿನ ನೂಲು ನನಗೆ ಚೆನ್ನಾಗಿ ಒಗ್ಗಿದೆ. ಒಮ್ಮೆಗೆ ಒಂದೂವರೆ ಮೊಳಕ್ಕಿಂತ ಹೆಚ್ಚು ಕತ್ತರಿಸಬಾರದು. ಪದೇ ಪದೇ ಪೋಣಿಸುವ ಬೇಸರಕ್ಕೆ ಉದ್ದ ದಾರ ತೆಗೆದುಕೊಂಡವರು ಆ ಉಳಿತಾಯದ ಮೂರರಷ್ಟು ಕಾಲವನ್ನು ಗಂಟು ಬಿಡಿಸುವುದರಲ್ಲಿ ಕಳೆಯುತ್ತಾರೆ. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಒಂದು ಸಲ ಎಳೆದುಕೊಂಡರೆ ಹುರಿ ಬಿಚ್ಚದು, ಸಿಕ್ಕಾಗದು. ಮೊದಲ ಗಂಟನ್ನು ಹೊರಗೆ ಬಿಡದೆ, ಪದರಗಳ ನಡುವೆ ಸೂಜಿ ತೂರಿಸಿ, ಸಣ್ಣಗೆ ಜಗ್ಗಿ ‘ಟಪ್’ ಎಂದು ಒಳಕ್ಕೆ ನುಂಗಿಸಬೇಕು.

ಸಾಲಿಗೂ ಸಾಲಿಗೂ ಮುಕ್ಕಾಲು ಅಂಗುಲ, ಎಂದರೆ ಸುಮಾರು ಒಂದು ಬೆರಳಗಲ, ಅಂತರವಿರಲಿ. ಹೊಲಿಗೆ ಕಾಲಂಗುಲ, ಹೊಲಿಗೆಗೂ ಹೊಲಿಗೆಗೂ ನಡುವಣ ಬಿಡುವು ಕಾಲಂಗುಲ. ಒಂದು ಸಾಲನ್ನು ಎಡದಿಂದ ಹೊಲಿದರೆ ಮುಂದಿನದನ್ನು ಬಲದಿಂದ. ಎಲ್ಲವನ್ನೂ ಒಂದೇ ದಿಕ್ಕಿಗೆ ಹೊಲಿದರೆ ಮೇಲಿನ ಪದರ ಹುಳುವಿನಂತೆ ತೆವಳಿ ಒಂದು ತುದಿಯಲ್ಲಿ ಗುಡ್ಡೆಯಾಗುತ್ತದೆ. ಗೇಣುದ್ದ ಹೊಲಿದೊಡನೆ ಸಾಲಿನ ಎರಡು ತುದಿಯನ್ನು ಹಿಡಿದು ಮೆಲ್ಲಗೆ ಜಗ್ಗಬೇಕು, ಬಿಗಿದ ದಾರಕ್ಕೆ ಉಸಿರಾಡಲು ಎಡೆ ಸಿಗುತ್ತದೆ. ಹೆಚ್ಚು ದಟ್ಟವಾಗಿ ಹೊಲಿದರೆ ಹೆಚ್ಚು ಬೆಚ್ಚಗೆ ಎಂಬ ಭ್ರಮೆಯೂ ಬೇಡ. ಬೆಚ್ಚಗಿಡುವುದು ಬಟ್ಟೆಯಲ್ಲ, ಪದರಗಳ ನಡುವೆ ಅಲುಗದೆ ನಿಂತ ಗಾಳಿ. ಅದನ್ನು ಹೊಲಿಗೆಯಿಂದ ಹಿಂಡಿಹಾಕಿದರೆ ಉಳಿಯುವುದು ಗೋಣಿತಟ್ಟು.

ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ಐದು ಮೊಳ ಉದ್ದ, ಮೂರೂವರೆ ಮೊಳ ಅಗಲದ ಒಂದು ಕೌದಿಗೆ ಈ ಅಳತೆಯಲ್ಲಿ 84 ಸಾಲು, ಎಂದರೆ 420 ಮೊಳ ಹೊಲಿಗೆ, ಎಂದರೆ ಹದಿನೈದು ಸಾವಿರಕ್ಕೂ ಮಿಕ್ಕ ಹೊಲಿಗೆಗಳು. ಸೂಜಿಗೆ ದಾರ ಪೋಣಿಸುವುದೇ ಮುನ್ನೂರು ಸಲ. ಈ ಲೆಕ್ಕವನ್ನು ಅತ್ತೆಗೆ ಓದಿ ಹೇಳಿದಾಗ ಅವಳು, “ಹೊಲಿಯೂದು ಬಿಟ್ಟು ಎಣಸಾಕ ಕುಂತೀ ಏನು?” ಎಂದು ನಕ್ಕಳು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದ ಹೆಂಗಸರನ್ನು ನೆನೆದಾಗ, ಮನೆಯ ಕಟ್ಟೆಯ ಮೇಲೆ ಕುಳಿತು ಅವರು ಚೌಕಾಶಿಮಾಡುತ್ತಿದ್ದ ಆ ಅಲ್ಪ ಕೂಲಿಯನ್ನು ನೆನೆದಾಗ, ಈ ಸಂಖ್ಯೆ ನನಗೆ ಅಷ್ಟು ಸಲೀಸಾಗಿ ನಗೆ ತರಿಸದು.

ಒಗೆಯುವ ವಿಷಯ ಸಂಕ್ಷಿಪ್ತವಾಗಿ. ಕೌದಿ ನೀರು ಕುಡಿದಾಗ ಒಬ್ಬರ ಕೈಗೆ ಏಳದಷ್ಟು ಭಾರವಾಗುತ್ತದೆ. ಕಲ್ಲಿಗೆ ಬಡಿಯದೆ ಕಾಲಿನಿಂದ ತುಳಿದು ಒಗೆಯಬೇಕು, ಹಗ್ಗಕ್ಕೆ ತೂಗದೆ ಬೇಲಿಯ ಮೇಲೋ ಗಿಡ್ಡ ಗೋಡೆಯ ಮೇಲೋ ಹರಡಬೇಕು, ಮಧ್ಯಾಹ್ನ ಮಗ್ಗುಲು ಬದಲಿಸಬೇಕು. ತೂಗಿದರೆ ನೀರಿನ ಭಾರವೆಲ್ಲ ಒಂದೇ ಗೆರೆಯ ಹೊಲಿಗೆಯ ಮೇಲೆ ಬಿದ್ದು ದಾರ ಸಡಿಲುತ್ತದೆ. ಹರಿದಲ್ಲಿ ಬಿಚ್ಚಿ ಸರಿಮಾಡುವ ಹಂಬಲ ಬೇಡ, ಮೇಲೊಂದು ತೇಪೆ ಹಾಕಿ ಎಲ್ಲ ಪದರ ಹಿಡಿಯುವಂತೆ ಹೊಲಿದರಾಯಿತು. ಹೀಗೆ ತೇಪೆಯ ಮೇಲೆ ತೇಪೆ ಬಿದ್ದು, ಅಜ್ಜಿಯ ಸೀರೆಯ ಮೇಲೆ ಮೊಮ್ಮಗಳ ಲಂಗ ಕುಳಿತ ಕೌದಿಗಳು ಎಷ್ಟೋ ಮನೆಗಳಲ್ಲಿವೆ.

ನನ್ನ ಆ ಹಪ್ಪಳದ ಕೌದಿಗೂ ಇದೇ ಚಿಕಿತ್ಸೆ ದೊರೆಯಿತು. ಬಿಚ್ಚಿಬಿಡುತ್ತೇನೆಂದು ಕತ್ತರಿ ಹಿಡಿದು ಕುಳಿತಿದ್ದ ನನ್ನನ್ನು ತಡೆದು, ಅತ್ತೆ ಅದನ್ನು ಇನ್ನೂ ಎರಡು ಸಲ ನೆನೆಸಿ ಒಣಗಿಸಿ, “ಅದರ ಸಿಟ್ಟು ಪೂರಾ ಇಳೀಲಿ” ಎಂದು ಮೂಲೆಗಿಟ್ಟಳು. ವಾರದ ಮೇಲೆ, ಉಬ್ಬಿದ ಕಡೆ ಮಾತ್ರ ಹೊಲಿಗೆ ಕಿತ್ತು, ಹೆಚ್ಚಿದ ಬಟ್ಟೆಯನ್ನು ಸಣ್ಣ ಮಡಿಕೆಗಳಾಗಿ ಒಳಗಿಟ್ಟು, ತನ್ನದೊಂದು ಹಳೆಯ ಇಳಕಲ್ಲಿನ ಒಡಲನ್ನು ಮೇಲೆ ಹಾಸಿ, ನಾವಿಬ್ಬರೂ ಎದುರುಬದುರು ಕುಳಿತು, ಸಿದ್ದಿಯರ ರೀತಿಯಲ್ಲಿ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದೆವು. ಹದಿನೇಳನೆಯ ದಿನ ನಡುವೆ ಅಂಗೈಯಗಲದ ಜಾಗ ಮಾತ್ರ ಉಳಿಯಿತು. ಅಲ್ಲಿ ಅವಳು ಸೂಜಿಯನ್ನು ನಿಲ್ಲಿಸಿ, ನನ್ನನ್ನು ಅಡಿಗೆಮನೆಗೆ ಕಳುಹಿಸಿದಳು. ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚಬಾರದು, ಕಡೆಯ ಹೊಲಿಗೆಗೆ ಮುಂಚೆ ನಾಲ್ಕು ಕಾಳು ಅಕ್ಕಿಯನ್ನೋ ಒಂದು ಚೂರು ರೊಟ್ಟಿಯನ್ನೋ ಒಳಗೆ ಹಾಕಬೇಕೆಂಬ ರೂಢಿಯನ್ನು ಅವಳು ಎಂದೂ ತಪ್ಪಿಸಿದವಳಲ್ಲ. ಸಿದ್ದಿಯರಲ್ಲಿಯೂ ಕೆಲವರು ಅಕ್ಕಿಯ ಕಾಳು ಇಡುವುದುಂಟು. ನಾನು ಐದು ಕಾಳು ತಂದು ಆ ಸಂದಿನಲ್ಲಿ ಉದುರಿಸಿದೆ. ಅವಳು ಬೆರಳಿನಿಂದ ಪದರವನ್ನು ಎತ್ತಿ ಒಳಗೆ ಇಣುಕಿ ನೋಡಿ, ಹೊಲಿಗೆ ಹಾಕದೆಯೇ ಕೈಯೊಡ್ಡಿದಳು.

“ಇನ್ನೊಂದು ನಾಕು ಹಾಕ ಯವ್ವಾ. ಭಾಳ ಸಿಟ್ಟು ಮಾಡ್ಯಾದ, ಹಸದಿರತೈತಿ.”